ರಜಾಕನಿಗೆ ಪೇಟ ಕಟ್ಟಿದ್ದು

ಹೋದ ವಾರ ನಮ್ಮ ಮನೆಯ ಹಳೇ ಹಾಸಿಗೆ ಬಿಚ್ಚಿಸಿದೆವು. ಹತ್ತಿ ಹಿಂಜುವವನು ಗಾಡಿಯ ಮೇಲೆ ಮೆಷಿನ್ ಇಟ್ಟುಕೊಂಡು ಬಂದಿದ್ದ. ಅಂಗಳದ ಬಿಸಿಲಿನಲ್ಲಿ ಹತ್ತಿಯ ಎಳೆಗಳು ಯಾವ ಅವಸರವೂ ಇಲ್ಲದೆ ತೇಲುತ್ತಿದ್ದವು. ಬಿಸಿಲು ಕುಡಿದ ಹತ್ತಿಗೆ ಒಂದು ವಾಸನೆ ಇದೆ, ನಿಮಗೂ ಗೊತ್ತಿರಬಹುದು. ಆಗತಾನೆ ಇಸ್ತ್ರಿ ಮಾಡಿದ ಬಟ್ಟೆಯ ವಾಸನೆಗೆ ಹತ್ತಿರದ್ದು. ಅದು ಮೂಗಿಗೆ ಬಿದ್ದದ್ದೇ ತಡ, ನಾಲ್ಕು ಸಲ ಸೀನಿದೆ. "ಒಳಗೆ ಹೋಗಿ ಕೂತ್ಕೋಬಾರ್ದಾ" ಎಂದಳು ಹೆಂಡತಿ. ನಾನು ಅಲ್ಲಿದ್ದರೆ ತಾನೆ ಒಳಗೆ ಹೋಗುವುದು? ಆಗಲೇ ತುಮಕೂರಿನ ಒಂದು ಮರದ ಮೆಟ್ಟಿಲು ಹತ್ತುತ್ತಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಆ ಮೆಟ್ಟಿಲಿನ ಮೇಲ್ಗಡೆ ನಾನು ಪಾಠ ಹೇಳುತ್ತಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟ್, ಕೆಳಗಡೆ ನನ್ನ ಗೆಳೆಯ ರಜಾಕನ ಹಾಸಿಗೆ ಅಂಗಡಿ. ಅವನು ಬಿಲ್ಲು ಮೀಟಿ ಹತ್ತಿ ಹಿಂಜುವ ಸದ್ದು ನಮ್ಮ ಟಕಟಕದ ಕೆಳಗೆ ತಂಬೂರಿಯ ಹಾಗೆ ಕೇಳುತ್ತಲೇ ಇರುತ್ತಿತ್ತು. ಹತ್ತಿಯೂ ಮೆಟ್ಟಿಲು ಹತ್ತಿ ಬಂದು ಟೈಪ್‌ರೈಟರಿನ ಅಚ್ಚುಗಳಲ್ಲಿ ಸೇರಿಕೊಳ್ಳುತ್ತಿತ್ತು. ಆ ದಿನಗಳಲ್ಲಿ ನಮ್ಮಲ್ಲಿಂದ ಹೊರಟ ಎಷ್ಟೋ ಅರ್ಜಿಗಳ ಅಕ್ಷರಗಳಿಗೆ ಎಳೇ ಮೀಸೆ ಬಂದಿರುತ್ತಿತ್ತು. ಆದರೂ ಕೆಲವರಿಗೆ ಕೆಲಸ ಸಿಕ್ಕಿತು.

ರಜಾಕ ಬಾಕ್ಸರ್. ಬೆಂಗಳೂರಿನ ಮಿಲಿಟರಿ ಬ್ಯಾರಕ್ಕಿನಲ್ಲಿ ಅಡುಗೆಗಿದ್ದ ಅವನ ಮಾಮು ಯಾರನ್ನೋ ಹಿಡಿದು ಅವನಿಗೆ ಬಾಕ್ಸಿಂಗ್ ಕಲಿಸಿದ್ದರು. ಅಂಗಡಿಯ ಹಿತ್ತಲಲ್ಲಿ ರದ್ದಿ ಹತ್ತಿ ತುಂಬಿದ ಗೋಣಿಚೀಲವೊಂದು ತೂಗುತ್ತಿತ್ತು. ಮಧ್ಯಾಹ್ನ ನಾನು ಮೆಟ್ಟಿಲ ಮೇಲೆ ಕೂತು ಡಬ್ಬಿಯ ಚಿತ್ರಾನ್ನ ತಿನ್ನುತ್ತಿದ್ದರೆ ಅವನು ಆ ಚೀಲವನ್ನು ಗುದ್ದುತ್ತಿದ್ದ. ಒಂದೊಂದು ಗುದ್ದಿಗೂ ಹೊಲಿಗೆಯಿಂದ ಒಂದಿಷ್ಟು ಹತ್ತಿ ಹೊರಬಂದು ಅವನ ಸುತ್ತ ನಿಧಾನಕ್ಕೆ ಇಳಿಯುತ್ತಿತ್ತು. ಅದರ ನಡುವೆ ಅವನು ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಎನ್ನುವ ಹಾಗೆ ಸುತ್ತುತ್ತಿದ್ದ. ಬಾಕ್ಸಿಂಗ್ ಎಂದರೆ ಇಷ್ಟೇ, ಬಹಳ ಮೆತ್ತಗಿನ ಆಟ ಎಂದು ನಾನು ತಿಳಿದಿದ್ದೆ.

ರಾಜ್ಯ ಚಾಂಪಿಯನ್ ಯಾರೆಂದು ತೀರ್ಮಾನವಾಗುವ ಪಂದ್ಯಕ್ಕೆ ನನ್ನನ್ನೂ ಬೆಂಗಳೂರಿಗೆ ಕರೆದುಕೊಂಡು ಹೋದ. ಮೊದಲನೇ ರೌಂಡಿನಲ್ಲೇ ಅವನ ಹುಬ್ಬು ಒಡೆಯಿತು. ರಕ್ತ ಕಣ್ಣಿಗಿಳಿಯಿತು. ಆಮೇಲಿನದು ನಾನು ನೋಡಲಿಲ್ಲ, ಕಣ್ಣು ಮುಚ್ಚಿಕೊಂಡು ಕೂತಿದ್ದೆ. ಅವನು ಗೆದ್ದದ್ದು ಚಪ್ಪಾಳೆಯಿಂದ ಗೊತ್ತಾಯಿತು. ತುಮಕೂರಿಗೆ ಬಂದ ಮೇಲೆ ಮಾತ್ರ ಕೇಳಿದವರಿಗೆಲ್ಲ ಮೂರೂ ರೌಂಡುಗಳನ್ನು ಗುದ್ದು ಗುದ್ದಾಗಿ ವರ್ಣಿಸಿದೆ.

ಊರಿನವರು ಸನ್ಮಾನ ಇಟ್ಟುಕೊಂಡರು. ಶಾಲು, ಹಾರ, ಹಣ್ಣಿನ ತಟ್ಟೆ, ಜೊತೆಗೆ ಜರಿಯ ಮೈಸೂರು ಪೇಟ. ಪೇಟ ತೊಡಿಸಲು ದೊಡ್ಡವರೊಬ್ಬರು ಬೇಕಲ್ಲ, ಗೂಳೂರಿನ ಗರಡಿಯ ಉಸ್ತಾದ್ ಚನ್ನಪ್ಪನವರನ್ನು ಕರೆಸಿದರು. ಕುಸ್ತಿಯೂ ಬಾಕ್ಸಿಂಗೂ ನಮ್ಮೂರಿನವರ ಲೆಕ್ಕದಲ್ಲಿ ಅಣ್ಣ ತಮ್ಮಂದಿರು. ಆದರೆ ಚನ್ನಪ್ಪನವರ ಗರಡಿಯಲ್ಲಿ ಒಂದು ಕಟ್ಟಳೆ ಇತ್ತು, ಅದು ಸನ್ಮಾನ ಸಮಿತಿಯವರಿಗೂ ನಮಗೂ ಗೊತ್ತಾದದ್ದು ಆಮೇಲೆ. ಅಲ್ಲಿ ಪೈಲ್ವಾನನಿಗೆ ಪೇಟ ಕಟ್ಟುವುದು ಅವನು ಕುಸ್ತಿ ಬಿಡುವ ದಿನ. ಪೇಟ ಕಟ್ಟಿಸಿಕೊಂಡವನು ಮತ್ತೆ ಮಟ್ಟಿಯ ಮಣ್ಣಿಗೆ ಇಳಿಯುವಂತಿಲ್ಲ.

ಉಸ್ತಾದರು ಪೇಟ ತೊಡಿಸಿದವರೇ ರಜಾಕನನ್ನು ತಬ್ಬಿಕೊಂಡು ಅತ್ತುಬಿಟ್ಟರು. "ಒಳ್ಳೇ ಟೈಮಲ್ಲಿ ಬುಟ್ಟೆ ಕಣ್ಲಾ ಮಗ. ಇನ್ನೊಬ್ಬನ ಕೈಲಿ ಬೀಳೋಕ್ ಮುಂಚೆ ಬುಡೋನೇ ಗಂಡು." ಮುಂದೆಯೇ ಇದ್ದ ಮೈಕು ಈ ಮಾತನ್ನು ಇಡೀ ಮೈದಾನಕ್ಕೆ ಹಂಚಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ರಜಾಕ ಬಾಯಿ ತೆರೆದ, ಪೇಟ ಹಣೆಗೆ ಜಾರಿತು, ಮುಚ್ಚಿದ. ಇಪ್ಪತ್ತೇಳನೇ ವಯಸ್ಸಿಗೆ ನಮ್ಮ ಚಾಂಪಿಯನ್ ಹೀಗೆ ನಿವೃತ್ತನಾದ.

ಹದಿನೈದು ದಿನಕ್ಕೆ ಇಂಗ್ಲಿಷಿನಲ್ಲಿ ಒಂದು ಕಾಗದ ಬಂತು. ದೇಶದ ಎಲ್ಲ ರಾಜ್ಯಗಳ ಚಾಂಪಿಯನ್ನರು ಸೇರುವ ಪಂದ್ಯಕ್ಕೆ ಕರೆ. ಓದಿ ಹೇಳಿದೆ. ಅವನು ಹತ್ತಿಯ ಗುಡ್ಡೆಯ ಮೇಲೆ ಕೂತ.

"ಆ ಪೇಟದ ಕಟ್ಟಳೆ ಕುಸ್ತಿಗಲ್ವೇನೋ? ನಂದು ಬಾಕ್ಸಿಂಗು. ನೀನು ಓದಿರೋನು, ಹೇಳು. ಅದು ನಂಗೂ ಲಾಗೂ ಆಗುತ್ತಾ?"

ಆಗುವುದಿಲ್ಲ ಎಂದು ಹೇಳಲು ಓದಿರಬೇಕಾಗಿಯೂ ಇರಲಿಲ್ಲ. ಆದರೆ ನನ್ನ ಕಣ್ಣ ಮುಂದೆ ಆ ಹುಬ್ಬಿನ ರಕ್ತವಿತ್ತು.

"ಆಗುತ್ತೆ ಕಣೋ" ಎಂದೆ. "ಹಿರೀಕರು ಕಟ್ಟಿದ ಪೇಟ ಎಲ್ಲಕ್ಕೂ ಒಂದೇ." ಅಷ್ಟಕ್ಕೆ ನಿಲ್ಲಿಸದೆ, ಗೆದ್ದಾಗ ಬಿಡುವುದರ ಘನತೆಯ ಮೇಲೆ ಕಾಲು ಗಂಟೆ ಭಾಷಣ ಮಾಡಿದೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಎರಡನೇ ಬಹುಮಾನ ಪಡೆದವನು, ಕೇಳಬೇಕೇ. ಮೇಲೆ ಹೋಗಿ, ಬರಲಾಗುವುದಿಲ್ಲ ಎಂಬ ಉತ್ತರವನ್ನು ನಾನೇ ಟೈಪ್ ಮಾಡಿದೆ. ಅವನು ಕೆಳಗೆ ರುಜು ಹಾಕಿದ.

ಆಮೇಲೆ ಎಂಬತ್ತರ ದಶಕವಿಡೀ ನಾನು ಹೇಳಿಕೊಂಡು ತಿರುಗಿದ್ದು ಒಂದೇ ಮಾತು: ನಮ್ಮ ರಜಾಕ ಸೋಲಿಲ್ಲದ ಸರದಾರ. ಕುಣಿಗಲ್ಲಿನ ಮದುವೆಮನೆಗಳಿಗೆ ಅವನು ಹಾಸಿಗೆ ಕೊಡಲು ಹೋದರೆ ಕುರ್ಚಿ ಹಾಕಿ ಕೂರಿಸುತ್ತಿದ್ದರಂತೆ. ಹಿತ್ತಲ ಚೀಲವನ್ನು ಅವನು ಯಾವಾಗ ಇಳಿಸಿದನೋ ನಾನು ಗಮನಿಸಲಿಲ್ಲ. ಅದು ನನ್ನ ಮನಸ್ಸನ್ನು ಈಗ ಚುಚ್ಚುತ್ತದೆ.

ಹಾಸಿಗೆ ಹೊಲಿದು ಮುಗಿದ ಮಾರನೇ ದಿನ ಗುಬ್ಬಿಗೆ ಹೊರಟೆ. ಈಗ ರಜಾಕ ಅಲ್ಲಿ ಮಗಳ ಮನೆಯಲ್ಲಿದ್ದಾನೆ. "ಬನ್ನಿ ಚಾಚಾ" ಎಂದು ಮಗಳು ಟೀ ಕೊಟ್ಟು ಒಳಗೆ ಹೋದಳು. ಇಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಹೇಳಿದೆ.

"ಆ ಪೇಟದ ಕಟ್ಟಳೆ ನಿಂಗೆ ಲಾಗೂ ಆಗೋದಿಲ್ಲ ಅಂತ ನಂಗೆ ಗೊತ್ತಿತ್ತು ಕಣೋ. ನೀನು ಏಟು ತಿನ್ನೋದು ನೋಡೋಕಾಗ್ದೆ ಸುಳ್ಳು ಹೇಳ್ದೆ."

ರಜಾಕ ಟೀ ಊದಿದ. "ಗೊತ್ತು ಬುಡು. ಸನ್ಮಾನದ ಮಾರನೇ ದಿನಾನೇ ಉಸ್ತಾದರು ಅಂಗಡಿಗೆ ಬಂದಿದ್ರು. ಅದು ಗರಡಿಯೋರ್ಗೆ ಕಣ್ಲಾ, ನಿಂಗಲ್ಲ, ಹೋಗಿ ಆಡು ಅಂದ್ರು."

"ಮತ್ತೆ ನನ್ನ ಯಾಕೆ ಕೇಳ್ದೆ?"

"ನಂಗೂ ಭಯ ಇತ್ತು. ಬ್ಯಾಡ ಅನ್ನೋಕೆ ಒಬ್ರು ಬೇಕಾಗಿತ್ತು, ನೀನು ಅಂದೆ." ಲೋಟ ಕೆಳಗಿಟ್ಟ. "ಒಂದ್ ಮಾತ್ ಹೇಳ್ತೀನಿ, ಬೇಜಾರ್ ಮಾಡ್ಕೋಬ್ಯಾಡ. ಸೋತು ಆಟ ಬಿಟ್ಟಿದ್ರೆ ಅದೂ ನನ್ನ ಬಿಡ್ತಿತ್ತು. ಗೆದ್ದು ಬಿಟ್ಟೆ ನೋಡು, ಅದು ಇವತ್ತಿಗೂ ಬಿಟ್ಟಿಲ್ಲ. ಹೋಗಿದ್ರೆ ಏನಾಗ್ತಿತ್ತು ಅಂತ ದಿನಾ ಒಂದ್ಸಲ ಹೋಗ್ಬರ್ತೀನಿ."

ನನಗೆ ಅಳು ಬಂತು. ಅವನೇ ಬೆನ್ನು ತಟ್ಟಿದ.

ಸಂಜೆ ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದವರೊಬ್ಬರು ಮಾತಿಗೆಳೆದು, ಯಾರ ಮನೆಗೆ ಬಂದಿದ್ರಿ ಎಂದರು. ಸೋಲಿಲ್ಲದ ಸರದಾರ ಎಂಬ ಹಳೇ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು.

"ರಜಾಕ ಅಂತ, ಬಾಕ್ಸರ್" ಎಂದೆ. "ವಯಸ್ಸಿದ್ದಾಗ ಇನ್ನೊಂದ್ಸಲ ಆಡ್ಬೇಕು ಅಂತಿದ್ದ. ನಾನೇ ಬೇಡ ಅಂದೆ."