ದುರ್ಗವ್ವನ ಒದ್ದೆ ಬಟ್ಟೆ

ಪೀಣ್ಯದ ಎರಕದ ಕಾರ್ಖಾನೆಯೊಂದರಲ್ಲಿ ಕುಲುಮೆಯ ಪಕ್ಕ ಮರಳು ಹೊರುವ ಕೆಲಸ ದುರ್ಗವ್ವನದು. ರಾಯಚೂರಿನ ಕಡೆಯವಳು. ನಾಗಸಂದ್ರದ ಬಾಡಿಗೆ ಕೋಣೆಯಲ್ಲಿ ಸೊಸೆ ಸವಿತಾಳ ಜೊತೆ ಇದ್ದಳು. ಸೊಸೆಗೂ ಅಲ್ಲೇ ಕೆಲಸ ಕೊಡಿಸಲು ಸೂಪರ್‌ವೈಸರ್ ಶ್ರೀಧರನ ಹಿಂದೆ ತಿರುಗಿ ತಿರುಗಿ ಅವಳ ಚಪ್ಪಲಿ ಸವೆದಿತ್ತು. ಕೊನೆಗೂ ಸಿಕ್ಕಿದ ಆ ಕೆಲಸ ಕೈತಪ್ಪದಿದ್ದರೆ ಸಾಕು ಎನ್ನುವುದೊಂದೇ ಅವಳ ಜಪ.

ಈ ಬೇಸಿಗೆಯಲ್ಲಿ ವೈಟ್‌ಫೀಲ್ಡಿನ ಕಂಪನಿಯೊಂದರಿಂದ ಕೃಪಾ ಎಂಬ ಹುಡುಗಿ ಮಣಿಕಟ್ಟಿಗೆ ಕಟ್ಟುವ, ಪುಟ್ಟ ದೀಪವಿರುವ ಕೈಪಟ್ಟಿಗಳನ್ನು ತಂದಳು. ಸೂಜಿ ಚುಚ್ಚುವುದಿಲ್ಲ, ರಕ್ತ ತೆಗೆಯುವುದಿಲ್ಲ. ಚರ್ಮದ ಕಾವು ನೋಡಿಯೇ ಮೈ ಎಷ್ಟು ದಣಿದಿದೆ ಎಂದು ಹೇಳುತ್ತದಂತೆ. ಮೈ ತಡೆಯುವಷ್ಟಿದ್ದರೆ ಹಸಿರು ದೀಪ, ಮೀರಿದರೆ ಕೆಂಪು. ಅದು ಸರಿಯಾಗಿ ಹೇಳುತ್ತದೋ ಇಲ್ಲವೋ ಎಂದು ನೋಡುವುದಕ್ಕೆ ಮರಳು ಹೊರುವ ಹೆಂಗಸರ ಮೈಯೇ ಆಗಬೇಕಿತ್ತು. ಕೃಪಾ ಶ್ರೀಧರನಿಗೆ ಇಂಗ್ಲಿಷಿನಲ್ಲಿ ಬಹಳ ಹೊತ್ತು ವಿವರಿಸಿದಳು. ಆ ಮಹಾನುಭಾವ ಅದನ್ನೆಲ್ಲ ಒಂದೇ ಮಾತಿಗೆ ಇಳಿಸಿದ:

"ನೋಡ್ರಮ್ಮಾ, ಕೆಂಪು ಬರಬಾರ್ದು, ಅಷ್ಟೇ."

ಹಿಂದೊಮ್ಮೆ ಆರೋಗ್ಯ ತಪಾಸಣೆ ಎಂದು ನಡೆಸಿ, ಬಿ.ಪಿ. ಇದ್ದವರನ್ನೆಲ್ಲ ಮನೆಗೆ ಅಟ್ಟಿದ್ದನ್ನು ದುರ್ಗವ್ವ ಮರೆತಿರಲಿಲ್ಲ. ಊರಲ್ಲಿ ಕುಡಿಯುವ ನೀರಿನ ಕೊಡಕ್ಕೆ ಒದ್ದೆ ಬಟ್ಟೆ ಸುತ್ತಿ ತಣ್ಣಗಿಡುತ್ತಿದ್ದವಳು ಅವಳು. ಹಳೇ ಸೀರೆ ಹರಿದು, ನೀರಲ್ಲಿ ಅದ್ದಿ, ಪಟ್ಟಿಯ ಕೆಳಗೆ ಸುತ್ತಿಕೊಂಡಳು. ಸೀರೆಯ ಮೇಲೆ ತೊಟ್ಟ ಗಂಡಸರ ಅಂಗಿಯ ತೋಳು ಬಟ್ಟೆಯನ್ನು ಮುಚ್ಚಿತು, ದೀಪವಷ್ಟೇ ಹೊರಗೆ ಕಾಣುತ್ತಿತ್ತು.

"ಕೊಡಕ್ಕ ಸುತ್ತಿದಂಗ ಸುತ್ರಿ. ಕೆಂಪು ಬಂದ್ರ ನಾಳಿಂದ ಬರಬ್ಯಾಡ ಅಂತಾರ," ಎಂದು ಉಳಿದವರಿಗೂ ಕಲಿಸಿದಳು.

ದೀಪಗಳೆಲ್ಲ ಹಸಿರೋ ಹಸಿರು. ಇಷ್ಟು ಗಟ್ಟಿಯಾಗಿರುವವರಿಗೆ ಮಧ್ಯಾಹ್ನದ ಮಜ್ಜಿಗೆ ಬಿಡುವು ಯಾಕೆ ಎಂದು ಮಾಲೀಕರಿಗೆ ಅನಿಸಿತು. ಬಿಡುವು ನಿಂತಿತು. "ಹೋಗ್ಲಿ, ಕೆಲಸ ಉಳೀತಲ್ಲ," ಎಂದಳು ದುರ್ಗವ್ವ.

ಅದೇ ವಾರ ಸವಿತಾ ಮರಳಿನ ಬುಟ್ಟಿ ಸಮೇತ ಕುಸಿದಳು.

"ಏಳಮ್ಮಾ, ನಾಟ್ಕ ಬೇಡ. ದೀಪ ಹಸಿರೇ ಇದ್ಯಲ್ಲ," ಎಂದ ಶ್ರೀಧರ.

ದುರ್ಗವ್ವ ಸೊಸೆಯ ಹಣೆ ಮುಟ್ಟಿದಳು. ಸುಡುತ್ತಿತ್ತು. ಬೇರೇನೂ ಕೈಗೆ ಸಿಗದೆ, ಸವಿತಾಳ ಪಟ್ಟಿಯ ಕೆಳಗಿನ ಒದ್ದೆ ಬಟ್ಟೆಯನ್ನೇ ಎಳೆದು ಹಣೆಗೆ ಹಾಕಿದಳು. ಸ್ವಲ್ಪ ಹೊತ್ತಿಗೆ ದೀಪ ಕೆಂಪಾಯಿತು. ಎಲ್ಲರೂ ನೋಡಿದರು.

ಕೃಪಾ ಓಡಿಬಂದಳು. "ಅಯ್ಯೋ, ಯಾಕಮ್ಮಾ ಹೀಗ್ ಮಾಡಿದ್ರಿ? ಕೆಂಪು ಬಂದವ್ರನ್ನ ನೆರಳಲ್ಲಿ ಕೂರಿಸಿ, ಬಿಡುವು ಕೊಡಿಸ್ಬೇಕು ಅಂತಾನೇ ಇದನ್ನ ತಂದಿದ್ದು!"

"ಅದನ್ನ ನಮಗ ಯಾರು ಹೇಳಿದ್ರವ್ವಾ?"

ಕೃಪಾ ಶ್ರೀಧರನ ಮುಖ ನೋಡಿದಳು. ಶ್ರೀಧರ ಆಟೋ ತರಿಸಲು ಹೊರಟುಹೋದ.

ಆಸ್ಪತ್ರೆಯಲ್ಲಿ ಸವಿತಾಳ ಜೀವ ಉಳಿಯಿತು, ಕೆಲಸ ಉಳಿಯಲಿಲ್ಲ. ಪರೀಕ್ಷೆ ಕೆಡಿಸಿದರೆಂದು, ಸಿಕ್ಕಿಬಿದ್ದ ಅತ್ತೆ ಸೊಸೆ ಇಬ್ಬರನ್ನೂ ಬರಬೇಡಿ ಎಂದರು. ತಾನು ಉಳಿಸಹೋದದ್ದನ್ನು ತನ್ನ ಕೈಯಾರೆ ಕಳೆದೆನಲ್ಲ ಎಂದು ದುರ್ಗವ್ವ ಗೇಟಿನಲ್ಲಿ ನಿಂತು ಅತ್ತಳು. ಕಾವಲುಗಾರ ಪಟ್ಟಿ ಬಿಚ್ಚಿಸಿಕೊಂಡ.

ಒಳಗೆ ಕೃಪಾ ಈಗ ಕನ್ನಡದಲ್ಲೇ ಎಲ್ಲರಿಗೂ ಬಿಡಿಸಿ ಹೇಳಿದಳು: ಕೆಂಪು ಬಂದರೆ ಭಯ ಬೇಡ, ಕೆಲಸ ಹೋಗುವುದಿಲ್ಲ. ಹೆಂಗಸರು ಹೂಂ ಎಂದು ತಲೆಯಾಡಿಸಿದರು. ಕೆಂಪು ಬಂದವಳ ಗತಿಯನ್ನು ಅವರು ಕಣ್ಣಾರೆ ಕಂಡಿದ್ದರು. ಮಾರನೆಯ ದಿನ ಬಟ್ಟೆಯನ್ನು ಹೊರಗೆ ಕಾಣದ ಹಾಗೆ ಇನ್ನೂ ಸಣ್ಣಗೆ ಹರಿದು ಸುತ್ತಿಕೊಂಡು ಬಂದರು.