ಸುಟ್ಟ ಜೂಪಿಟರ್

ಥೆವೆನಿನ್ ಕುಂಬಾರ. ಫ್ರಾನ್ಸಿನ ಸೋನ್ ನದಿಯ ದಂಡೆಯ ನಮ್ಮೂರಿನಲ್ಲಿ ದ್ರಾಕ್ಷಾರಸದ ಹೂಜಿಗಳೆಲ್ಲ ಅವನ ಕೈಯವೇ. ಸಂತ ವಿನ್ಸೆಂಟನ ನಾಟಕಕ್ಕೆ ರೋಮನ್ನರ ಹಳೆಯ ದೇವರಾದ ಜೂಪಿಟರನ ಮೂರ್ತಿ ಮಾಡುವವನೂ ಅವನೇ, ಆ ದೇವರ ಪೂಜಾರಿಯಾಗಿ ಬಿಳಿ ಗಡ್ಡ ಕಟ್ಟಿಕೊಂಡು ರಂಗಕ್ಕೆ ಬರುವವನೂ ಅವನೇ.

ನಾಟಕ ನಮ್ಮೂರಿನ ಹರಕೆ. ಪಿಡುಗು ಬಂದ ವರ್ಷ ಥೆವೆನಿನ್‌ನ ಇಬ್ಬರು ಗಂಡುಮಕ್ಕಳು ತೀರಿಹೋದರು. ಸಂತನ ಕಥೆಯನ್ನು ವರ್ಷವರ್ಷವೂ ಒಂದಂಶವೂ ಬಿಡದೆ ಆಡುತ್ತೇವೆಂದು ಊರು ಮೊರೆಯಿಟ್ಟ ಮೇಲೆ ಅದೇ ಪಿಡುಗಿನಲ್ಲಿ ಮಲಗಿದ್ದ ಅವನ ಮಗಳು ಪೆರ್ನೆತ್ ಕಣ್ಣುಬಿಟ್ಟಳು. ಆಟ ಅರ್ಧಕ್ಕೆ ನಿಂತರೆ ಮಗಳ ಉಸಿರೂ ನಿಲ್ಲುತ್ತದೆಂದು ಅವನು ನಂಬಿದ್ದ. ಅದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುತ್ತಿರಲಿಲ್ಲ.

ಮೂರ್ತಿಯನ್ನು ಹಸಿ ಮಣ್ಣಿನಲ್ಲಿ ಮಾಡಿ ನೆರಳಲ್ಲಿ ಒಣಗಿಸುವುದು ಪದ್ಧತಿ. ಸಂತ ಶಿಲುಬೆಯ ಗುರುತು ಮಾಡಿದಾಗ ಹಿಂದಿನಿಂದ ಹಗ್ಗ ಎಳೆಯುತ್ತಾರೆ. ದೇವರು ಬಿದ್ದು ಪುಡಿಯಾಗುತ್ತಾನೆ, ಸಂತ ಪಂಜು ತಾಗಿಸಿದಾಗ ಒಳಗಿಟ್ಟ ಗಂಧಕದ ಹೊಗೆ ಸೈತಾನನಂತೆ ಮೇಲೇಳುತ್ತದೆ.

ಆ ಸಲ ಮಳೆ ಬಿಡಲೇ ಇಲ್ಲ. ಜೂಪಿಟರನ ಕತ್ತು ವಾಲತೊಡಗಿತು. ಸ್ವಲ್ಪ ಬೆಚ್ಚಗಾಗಲಿ ಎಂದು ಥೆವೆನಿನ್ ಅದನ್ನು ಮಡಕೆ ಸುಡುವ ಆವಿಗೆಯಲ್ಲಿಟ್ಟ. ಆದರೆ ಅರೆಬೆಂದ ಮಡಕೆಯನ್ನು ಹೊರಗೆ ತೆಗೆದು ರೂಢಿಯಿದ್ದ ಕೈ ಅಲ್ಲ ಅದು. ಸೌದೆ ತುರುಕುತ್ತಲೇ ಹೋಯಿತು. ತಣ್ಣಗಾದ ಮೇಲೆ ಬೆರಳಿನಿಂದ ತಟ್ಟಿದ. ಠಣ್ ಎಂದಿತು, ಪೂರ್ತಿ ಬೆಂದು ಗಟ್ಟಿಯಾಗಿತ್ತು. ಮತ್ತೊಂದು ಮಾಡಲು ಸಮಯವಿರಲಿಲ್ಲ. ಬಿದ್ದರೆ ಒಡೆದೀತು ಎಂದುಕೊಂಡು ಒಳಗೆ ಗಂಧಕ ತುಂಬಿ, ಮೇಲೆ ಚಿನ್ನದ ಬಣ್ಣ ಬಳಿದ.

ಚೌಕದಲ್ಲಿ ಕೆಸರಿನ ಮೇಲೆ ದಪ್ಪಗೆ ಹುಲ್ಲು ಹಾಸಿದ್ದರು. ಸಂತನಾಗಿದ್ದ ಚರ್ಮಗಾರ ಗಿಯೊ ಕೈಯೆತ್ತಿದ. ಹಗ್ಗ ಎಳೆದರು. ದೇವರು ದೊಪ್ಪನೆ ಬಿದ್ದ, ಮುಖ ಮೇಲಾಗಿ ಮಲಗಿದ. ಒಂದು ಬಿರುಕೂ ಇಲ್ಲ.

"ದೇವ್ರಿಗೆ ನಿದ್ದೆ ಬಂತು ಕಣ್ರೋ!" ಎಂದ ಒಬ್ಬ ದೋಣಿಯವ. ಒಂದಿಬ್ಬರು ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಮುದುಕಿಯರು ಶಿಲುಬೆಯ ಗುರುತು ಮಾಡಿಕೊಂಡರು. ಗೆದ್ದವನು ಹಳೆಯ ದೇವರು.

"ಏಯ್ ಥೆವೆನಿನ್," ಗಿಯೊ ತುಟಿಯಂಚಿನಲ್ಲೇ ಪಿಸುಗುಟ್ಟಿದ, "ನಿನ್ ದೇವ್ರು ಮಣ್ಣು ಅಂತ ಹೇಳ್ಬೇಕು ನಾನು. ಹೆಂಗೆ ಹೇಳ್ಲಯ್ಯಾ?"

ಥೆವೆನಿನ್ ಜನರತ್ತ ನೋಡಿದ. ಪೆರ್ನೆತ್ ಮುಂದಿನ ಸಾಲಿನಲ್ಲಿದ್ದಳು, ಮುಖ ಬಿಳಿಚಿತ್ತು. ಮುಂದಿನ ದೃಶ್ಯದಲ್ಲಿ ಸಂತನನ್ನು ಸುಡಲೆಂದು ರಂಗದ ಮೇಲಿಟ್ಟಿದ್ದ ಕಬ್ಬಿಣದ ಸಲಾಕೆಯನ್ನು ಅವನು ಎತ್ತಿಕೊಂಡ. ಪಕ್ಕದಲ್ಲಿ ನಿಂತಿದ್ದ ಪಾದ್ರಿ ಒದೊ, ನಾಟಕ ಬರೆದವರು, "ಪೂಜಾರಿ ಸಲಾಕೆ ಮುಟ್ಟೋ ಹಾಗಿಲ್ಲ ಕಣೋ!" ಎಂದು ಹಲ್ಲು ಕಚ್ಚಿ ಹೇಳಿದರು.

ಮೊದಲ ಏಟಿಗೆ ಮೂರ್ತಿ ಚರ್ಚಿನ ಗಂಟೆಯಂತೆ ಮೊಳಗಿತು. ಚೌಕದ ಕೊನೆಯವರೆಗೂ ಜನ ಮೊಣಕಾಲೂರಿದ್ದನ್ನು ನಾನು ಕಂಡೆ. ದೋಣಿಯವ ಟೋಪಿ ತೆಗೆದ. ಎರಡನೆಯ ಏಟು ಕತ್ತಿನ ಬೆಸುಗೆಗೆ ಬಿತ್ತು. ಅದು ಎಲ್ಲಿದೆಯೆಂದು ಮಾಡಿದವನಿಗೆ ಗೊತ್ತಿತ್ತು. ತಲೆ ಉರುಳಿತು. ಗಿಯೊ ಎಚ್ಚೆತ್ತು ಪಂಜನ್ನು ಮುಂಡದೊಳಗೆ ತೂರಿದ. ಹಳದಿ ಹೊಗೆ ಎದ್ದು ಪೂಜಾರಿಯನ್ನೇ ಮುಚ್ಚಿತು. ಹೊಗೆ ಸರಿದಾಗ ಥೆವೆನಿನ್ ಒಂದು ಚೂರನ್ನು ಹಿಡಿದು ನೋಡುತ್ತಿದ್ದ. ಅದರ ಒಳಬದಿಯ ತುಂಬ ಅವನದೇ ಹೆಬ್ಬೆರಳ ಗುರುತುಗಳು. ಗಡ್ಡ ಕಳಚಿ ಬಿದ್ದಿತ್ತು, ಕಣ್ಣಲ್ಲಿ ನೀರು.

"ನಾನೇ ಮಾಡಿದ್ದು," ಎಂದ ಅವನು, ಯಾರಿಗೂ ಅಲ್ಲ ಎಂಬಂತೆ. ಆ ಮಾತು ನಾಟಕದಲ್ಲಿರಲಿಲ್ಲ.

ದೇವರು ಬರೀ ಮಣ್ಣೆಂಬ ತನ್ನ ಮಾತನ್ನು ಗಿಯೊ ಹೇಳಿದ. ಸಂತನನ್ನು ಹಿಡಿಸುವ ರೋಮನ್ ರಾಜ್ಯಪಾಲನಾಗಿದ್ದ ಕಟುಕ ಪೂಜಾರಿಯತ್ತ ಕೈತೋರಿ, "ಇವನನ್ನೂ ಹಿಡೀರಿ!" ಎಂದು ಕೂಗಿದ. ಥೆವೆನಿನ್ ಹೋಗಿ ಸಂತನ ಪಕ್ಕದಲ್ಲಿ ನಿಂತ. ಆಟ ಕೊನೆಯ ಪ್ರಾರ್ಥನೆಯವರೆಗೂ ನಡೆಯಿತು. ಪ್ರಾರ್ಥನೆಗೆ ಮಂಡಿಯೂರಿದ್ದ ಅಪ್ಪನ ಮೊಣಕಾಲಿನ ಕೆಸರನ್ನು ಪೆರ್ನೆತ್ ಬಂದು ಒರೆಸಿದಳು.

"ಇದನ್ನು ನಾನು ಬರೆದಿರಲಿಲ್ಲ," ಎಂದರು ಪಾದ್ರಿ.

ಪೂಜಾರಿಯೇ ಮೂರ್ತಿ ಒಡೆದು ಸಂತನ ಪಕ್ಕ ನಿಲ್ಲುವುದನ್ನು ಈಗ ಬರೆದಿದ್ದಾರೆ. ಪೆರ್ನೆತ್‌ಗೆ ಮಕ್ಕಳಾಗಿವೆ. ಥೆವೆನಿನ್ ಈಗಲೂ ಜೂಪಿಟರನನ್ನು ಮಾಡುತ್ತಾನೆ, ಚೆನ್ನಾಗಿ ಸುಟ್ಟೇ ಕೊಡುತ್ತಾನೆ.