ಹನ್ನೊಂದನೆಯ ಕಾಲಂನಲ್ಲಿ ನಾನು ಬರೆದದ್ದು

ಧನು ಮಾಸದ ಒಂಬತ್ತನೆಯ ದಿನ, ಬುಧವಾರ, ಬೆಳಿಗ್ಗೆ ಹತ್ತೂಕಾಲು. ಹಾಜರಿದ್ದವರು ನಾಲ್ವರು — ಪಂಚಾಯಿತಿಯ ಸ್ಥಳಪರಿಶೀಲಕನಾದ ನಾನು, ಎಸ್ಟೇಟಿನ ಮ್ಯಾನೇಜರ್ ಮತ್ತಾಯಿ, ಪಕ್ಕದ ಕಾಟುನಾಯ್ಕ ಬುಡಕಟ್ಟಿನ ಹಾಡಿಯ ಹಿರಿಯ ಮಾರ, ಅವನ ಮಗಳು ಕಾಳಿ. ಅವರ ಎದುರಿನಲ್ಲೇ ನಾನು ಒಂದು ಸುಳ್ಳು ಬರೆದೆ. ಕುದುರೆ ಲಾಯ ಕಟ್ಟಲು ಅನುಮತಿ ಕೇಳಿದ ಅರ್ಜಿ ಅದು. ಹನ್ನೊಂದನೆಯ ಕಾಲಂ ಹೀಗಿತ್ತು: 'ನಿವೇಶನದ ಒಳಗಾಗಲಿ ಪಕ್ಕದಲ್ಲಾಗಲಿ ಶವ ಹೂಳುವ ಜಾಗ ಇದೆಯೇ?' ಅದರ ಮುಂದೆ 'ಇಲ್ಲ' ಎಂದು ಬರೆದೆ. ಬರೆಯುವಾಗ ನನ್ನ ಬಲಗಾಲು ಒಂದು ಸಮಾಧಿಗಲ್ಲಿಗೆ ತಾಗಿಕೊಂಡೇ ಇತ್ತು.

ಕಾಳಿ, ಇದು ನಿನಗೆ. ನೀನು ಓದಲಾರೆ ಎಂದು ನನಗೆ ಗೊತ್ತು. ಗೊತ್ತಿದ್ದದ್ದರಿಂದಲೇ ಅಂದು ಅಷ್ಟು ಸುಲಭವಾಯಿತು.

ನಾನು ಮೈಸೂರಿನ ಹಾಸ್ಟೆಲಿನಲ್ಲಿ ಓದಿದವನು. ಅಲ್ಲಿ ಗಂಟೆ ಬಾರಿಸಿದರೆ ಏಳಬೇಕು, ಗಂಟೆ ಬಾರಿಸಿದರೆ ಉಣ್ಣಬೇಕು. ಆ ಗಂಟೆ ಈಗಲೂ ನನ್ನೊಳಗೆ ಮೊಳಗುತ್ತದೆ. ನಾಲ್ಕೂವರೆಗೆ ಎದ್ದು, ಚಾಪೆ ಸುತ್ತಿ, ಪೆನ್ಸಿಲ್ ಚೂಪು ಮಾಡಿ, ಫೀಲ್ಡ್ ಪುಸ್ತಕದಲ್ಲಿ ದಿನದ ಕೆಲಸಗಳನ್ನು ಬರೆಯುತ್ತೇನೆ. ಕೆಲಸದಲ್ಲೂ ಹಾಗೆಯೇ: ಮೊದಲು ಅಳತೆ, ಆಮೇಲೆ ನೆರೆಯವರಿಗೆ ಅರ್ಜಿಯನ್ನು ಓದಿ ಹೇಳುವುದು, ಅವರ ಹೆಬ್ಬೆಟ್ಟು, ಕೊನೆಗೆ ನನ್ನ ಸಹಿ. ಈ ಕ್ರಮವನ್ನು ನಾನು ಒಮ್ಮೆಯೂ ತಪ್ಪಿಸಿದವನಲ್ಲ. ಅಂದೂ ತಪ್ಪಿಸಲಿಲ್ಲ — ಅದೇ ಈಗ ನನ್ನನ್ನು ಹೆದರಿಸುವುದು.

ಮಲಯಾಳ ಸೀಮೆಯ ನಮ್ಮ ಊರು ನೂಲ್ಪುಳದ ಆಚೆಯ ಆ ಇಳಿಜಾರು ಆಗ ಬರಿಯ ಹುಲ್ಲುನೆಲ. ಒಬ್ಬರಿಗೆ ಇಷ್ಟೇ ನೆಲ ಎಂಬ ಭೂಮಿತಿ ಕಾನೂನು ಬಂದಿತ್ತು. ಖಾಲಿ ಬಿದ್ದ ನೆಲ ಸರ್ಕಾರಕ್ಕೆ ಹೋಗುತ್ತದೆ, ಕಟ್ಟಡ ನಿಂತ ನೆಲ ಉಳಿಯುತ್ತದೆ ಎಂದು ಎಸ್ಟೇಟಿನ ಧಣಿಗಳು ಲೆಕ್ಕ ಹಾಕಿದ್ದರು. ಒಬ್ಬರು ಹಂದಿಗೂಡು ಕಟ್ಟಿದರು, ಒಬ್ಬರು ಕೋಳಿಗೂಡು. ಮತ್ತಾಯಿಯ ಧಣಿ ಮೈಸೂರಿನ ರೇಸಿನಲ್ಲಿ ಮುದಿಯಾದ ಕುದುರೆಗಳನ್ನು ತರಿಸುತ್ತೇನೆಂದರು.

ಅವೇ ನಕ್ಸಲೀಯರ ಹೆಸರು ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದ ವರ್ಷಗಳು. ಹಿಂದಿನ ವಾರವಷ್ಟೇ ಒಬ್ಬ ಪೊಲೀಸಿನವನು ಚಹದಂಗಡಿಯಲ್ಲಿ ನನ್ನ ಪಕ್ಕ ಕುಳಿತು ನಗುನಗುತ್ತಾ ಕೇಳಿದ್ದ, "ಹಾಡಿಯವರ ಮಾತು ನಿಮಗೆ ಬರುತ್ತದಂತಲ್ಲ ಸಾರೇ? ಅವರ ಹತ್ತಿರ ಏನು ಮಾತಾಡುತ್ತೀರಿ?" ನಾನು ಚಹ ಅರ್ಧಕ್ಕೆ ಬಿಟ್ಟು ಎದ್ದಿದ್ದೆ.

ಹೌದು, ಬರುತ್ತಿತ್ತು. ನಮ್ಮ ಹಿರಿಯರು ಗುಂಡ್ಲುಪೇಟೆಯ ಕಡೆಯಿಂದ ಬಂದು ನಿಮ್ಮ ಹಾಡಿಯ ಪಕ್ಕದಲ್ಲೇ ಗದ್ದೆ ಮಾಡಿದವರು. ನಿಮ್ಮ ಮಾತು ನಮ್ಮ ಕನ್ನಡಕ್ಕೆ ಹತ್ತಿರದ್ದು. ಬಾಲ್ಯದಲ್ಲಿ ನನ್ನನ್ನು 'ಮೋನೇ', ಮಗನೇ, ಎಂದು ಕರೆದು ಹೆಗಲ ಮೇಲೆ ಕೂರಿಸಿಕೊಂಡು ಹೆಜ್ಜೇನಿನ ಬಂಡೆ ತೋರಿಸಿದವನು ನಿನ್ನಪ್ಪ. ಇಡೀ ಕಚೇರಿಯಲ್ಲಿ ನಿಮ್ಮ ಮಾತು ಬಲ್ಲವನು ನಾನೊಬ್ಬನೇ. ಆ ಸ್ಥಳಪರಿಶೀಲನೆಗೆ ನನ್ನನ್ನೇ ಕಳಿಸಿದ್ದು ಅದಕ್ಕೇ.

ಅಂದು ಮೊದಲು ಅಳತೆ ಮಾಡಿದೆ. ನಿವೇಶನದ ಅಂಚಿನ ಚೌಕ ಬಾವಿಯ ಮೂಲೆಯಿಂದ ಟೇಪು ಹಿಡಿದು ನೇರ ನಡೆದೆ. ಇಪ್ಪತ್ತೆರಡು ಅಡಿಗೆ ಹುಲ್ಲಿನಲ್ಲಿ ಮೊಣಕಾಲೆತ್ತರದ ಒಂದು ಕಲ್ಲು. ಆಮೇಲೆ ಇನ್ನೊಂದು. ಒಂದೇ ಸಾಲಿನಲ್ಲಿ ಒಂಬತ್ತು. ನಿನ್ನಪ್ಪ ಟೇಪಿನ ಇನ್ನೊಂದು ತುದಿ ಹಿಡಿದು ಹೆಸರು ಹೇಳುತ್ತಾ ಬಂದ, ಮನೆಗೆ ಬಂದ ನೆಂಟನಿಗೆ ತನ್ನವರನ್ನು ತೋರಿಸುವ ಹಾಗೆ. ಒಂಬತ್ತನೆಯದರ ಹತ್ತಿರ ನಿಂತ.

"ಇದು ಕಾಳಿಯ ಅವ್ವ," ಎಂದ. ಕೈಯ ಕೋಲಿನಿಂದ ಪಕ್ಕದ ನೆಲ ಮುಟ್ಟಿದ. "ಇಲ್ಲಿ ನಾನು. ಬರೆದುಕೊ ಮೋನೇ. ಬದುಕಿದ್ದಾಗ ಸರ್ಕಾರ ಜಾಗ ಕೊಡಲಿಲ್ಲ, ಇದಾದರೂ ನಿನ್ನ ಪುಸ್ತಕದಲ್ಲಿ ಇರಲಿ."

ನೀನು ನಕ್ಕೆ. "ಅಪ್ಪನಿಗೆ ಅವ್ವ ಬೈಯೋದು ಇನ್ನೂ ಸಾಕಾಗಿಲ್ಲ ಅಣ್ಣಾ."

ಅಭ್ಯಾಸಬಲ — ಬರೆದೆ. ಒಂಬತ್ತನೆಯ ಕಲ್ಲಿನಿಂದ ಮೂರೂವರೆ ಅಡಿ, ಖಾಲಿ.

ಮತ್ತಾಯಿ ಕೊಡೆಯ ಮೇಲೆ ಒರಗಿ ಎಲ್ಲವನ್ನೂ ನೋಡುತ್ತಿದ್ದ. ಅವನು ನೋಡುತ್ತಿರುವಂತೆಯೇ ನಾನು ಹನ್ನೊಂದನೆಯ ಕಾಲಂನಲ್ಲಿ 'ಇಲ್ಲ' ಎಂದು ಬರೆದೆ. ಓದುವ ಹೊತ್ತು ಬಂದಾಗ ಹತ್ತಿರ ಬಂದ. "ಮಲಯಾಳದಲ್ಲೇ ಓದಿ ಸಾರೇ. ಕಚೇರಿಯ ಭಾಷೆ ಅದೇ ತಾನೆ? ಬೇರೆ ಮಾತಾಡಿದರೆ ನೋಡಿದವರು ಏನೇನೋ ತಿಳಿಯುತ್ತಾರೆ."

ಬೆದರಿಕೆಯೂ ಅಲ್ಲ ಅದು. ಬೆದರಿಕೆಯಾಗಿದ್ದರೆ ನಾನು — ಇಲ್ಲ. ಏನೂ ಮಾಡುತ್ತಿರಲಿಲ್ಲ.

ಓದಿದೆ. ಮೊದಲಿನಿಂದ ಕೊನೆಯವರೆಗೆ, ಒಂದು ಅಕ್ಷರ ಬಿಡದೆ, ಸ್ಪಷ್ಟವಾಗಿ, ಕಚೇರಿಯ ಮಲಯಾಳದಲ್ಲಿ ಓದಿದೆ. ಹನ್ನೊಂದನೆಯ ಕಾಲಮ್ಮಿನ 'ಇಲ್ಲ'ವನ್ನೂ ಓದಿದೆ. ನಿಮಗೆ ಸಂತೆಯ ಮಲಯಾಳ ಗೊತ್ತಿತ್ತು, ಕಾಗದದ ಮಲಯಾಳ ಗೊತ್ತಿರಲಿಲ್ಲ. ನಿನ್ನಪ್ಪ ಕೊನೆಯವರೆಗೂ ನನ್ನ ಬಾಯಿಯನ್ನೇ ನೋಡುತ್ತಿದ್ದ, ಹಣ್ಣು ಬೀಳಲಿ ಎಂದು ಮರ ನೋಡುವವನ ಹಾಗೆ.

"ಎಂತ ಓದಿದೆ ಮೋನೇ? ನಮ್ಮ ಮಾತಿನಲ್ಲಿ ಹೇಳು."

"ಕುದುರೆ ಬರ್ತವೆ ಅಜ್ಜ. ಅಷ್ಟೆ."

"ಕುದುರೆಯಾ?" ಅವನಿಗೆ ಖುಷಿಯಾಯಿತು. "ಬರಲಿ ಬರಲಿ. ಹುಲ್ಲು ತಿನ್ನೋ ಪ್ರಾಣಿ, ಯಾರಿಗೆ ಏನು ತೊಂದರೆ? ಕಲ್ಲಿಗೆ ಏನೂ ಆಗಲ್ಲ ಅಲ್ವಾ?"

ನಾನು ಟೇಪು ಸುತ್ತುತ್ತಿದ್ದೆ. ಸುತ್ತಿ ಮುಗಿಯುವವರೆಗೆ ತಲೆ ಎತ್ತಲಿಲ್ಲ. ಅವನು ಹೆಬ್ಬೆಟ್ಟು ಒತ್ತಿದ, ನೀನೂ ಒತ್ತಿದೆ. ನಾನು ಸಹಿ ಮಾಡಿದೆ.

ಕುಂಭ ಮಾಸದಲ್ಲಿ ಹಾರೆ ಹಿಡಿದ ಆಳುಗಳು ಬಂದು ಕಲ್ಲು ಕಿತ್ತರು. ಉಳಿದದ್ದು ನನಗಿಂತ ನಿನಗೇ ಗೊತ್ತು. ಒಂಬತ್ತನೆಯದು ಕೀಳುವ ಹೊತ್ತಿಗೆ ನಿನ್ನಪ್ಪ ಹೋಗಿ ಅದರ ಪಕ್ಕದ ನೆಲದಲ್ಲಿ ಕುಳಿತನಂತೆ. ಬೈಯಲಿಲ್ಲ, ಹೊಡೆಯಲಿಲ್ಲ, ಸುಮ್ಮನೆ ಕುಳಿತ. ಎರಡು ದಿನ. ಧಣಿಯ ನೆಲದಲ್ಲಿ ಒಬ್ಬ ಹಾಡಿಯವನು ಏಳದೆ ಕುಳಿತರೆ ಆ ವರ್ಷಗಳಲ್ಲಿ ಅವನಿಗೆ 'ನಕ್ಸಲೀಯ' ಎಂಬುದಲ್ಲದೆ ಬೇರೆ ಹೆಸರು ಬೇಕಿರಲಿಲ್ಲ. ಮೂರನೆಯ ದಿನ ಪೊಲೀಸರ ಜೀಪು ಬಂದು ಅವನನ್ನು ಒಯ್ದಿತು. ವಾರದ ಮೇಲೆ ಕೇಳಿದರೆ, ಬಿಟ್ಟುಬಿಟ್ಟೆವು, ಕಾಡಿನ ಕಡೆ ಹೋದ ಎಂದರು.

ನೀನು ಪ್ರತಿ ಸೋಮವಾರ ಠಾಣೆಯ ಮುಂದೆ ಹೋಗಿ ಕೂರುತ್ತಿದ್ದೆ. ನಾನು ಸೋಮವಾರ ಬೇರೆ ದಾರಿಯಲ್ಲಿ ಕಚೇರಿಗೆ ಹೋಗುತ್ತಿದ್ದೆ.

ಇಷ್ಟು ನನ್ನ ತಪ್ಪು. ಇದನ್ನು ನೀನು ಹೇಗೋ ಊಹಿಸಿರಬಹುದು. ಆದರೆ ಇನ್ನೊಂದಿದೆ. ಅದನ್ನು ಈವರೆಗೆ ಯಾರಿಗೂ ಹೇಳಿಲ್ಲ. ನನ್ನ ಹೆಂಡತಿಗೂ —

ತುಲಾ ಮಾಸದಲ್ಲಿ ಕಟ್ಟಡ ಪೂರ್ತಿಯಾಯಿತೆಂದು ಪ್ರಮಾಣಪತ್ರ ಕೊಡಲು ನಾನು ಮತ್ತೆ ಹೋದೆ. ಮಧ್ಯಾಹ್ನ, ನಿಚ್ಚಳ ಬಿಸಿಲು. ಉದ್ದನೆಯ ಲಾಯ, ಎರಡು ಬದಿಗೆ ಕುದುರೆಗಳ ಖಾನೆಗಳು, ನಡುವೆ ಸಿಮೆಂಟಿನ ದಾರಿ. ಆ ದಾರಿ ನಿಮ್ಮ ಕಲ್ಲುಗಳ ಸಾಲಿನ ಮೇಲೇ ಹೋಗಿತ್ತು. ಕುದುರೆಗಳನ್ನು ನೋಡಿಕೊಳ್ಳಲು ಮೈಸೂರಿನಿಂದ ಬಂದಿದ್ದ ಬಾಷಾ ಕನ್ನಡದವನು ಸಿಕ್ಕನೆಂದು ಹಿಗ್ಗಿದ.

"ಬನ್ನಿ ಸ್ವಾಮಿ, ನಿಮ್ಮ ನೆಲ ಮಟ್ಟವಾಗಿದೆಯಾ ನೀವೇ ಹೇಳಿ. ಓಡೋ ಕುದುರೆ ನೋಡಿದೀನಿ, ಒದೆಯೋ ಕುದುರೆ ನೋಡಿದೀನಿ. ಏನೂ ಇಲ್ಲದ ಕಡೆ ದಾಟೋ ಕುದುರೆ ಇಲ್ಲೇ ನೋಡಿದ್ದು."

ಒಂದು ಬೂದು ಕುದುರೆಯನ್ನು ಹಗ್ಗ ಹಿಡಿದು ದಾರಿಯಲ್ಲಿ ನಡೆಸಿದ. ಅದು ಹತ್ತು ಹೆಜ್ಜೆ ಸರಿಯಾಗಿ ಬಂತು. ಆಮೇಲೆ ಮುಂಗಾಲನ್ನು ಮೊಣಕಾಲೆತ್ತರಕ್ಕೆ ಎತ್ತಿ, ಏನನ್ನೋ ದಾಟಿ, ಮೆಲ್ಲಗೆ ಇಳಿಸಿತು. ಹಿಂಗಾಲೂ ಹಾಗೆಯೇ. ನೆಲ ಕನ್ನಡಿಯಂತೆ ನುಣುಪಾಗಿತ್ತು.

"ಎಲ್ಲವೂ ಹೀಗೆಯೇ," ಎಂದ ಬಾಷಾ. "ಮೊದಲು ನಗು ಬರ್ತಿತ್ತು. ಈಗ ನಾನೂ ಕಾಲು ಎತ್ತಿ ಹಾಕ್ತೀನಿ, ಯಾಕೆ ಸುಮ್ಮನೆ ಅಂತ."

ಇನ್ನೊಂದು ಕುದುರೆ ತರಲು ಹೇಳಿದೆ. ಅದು ಕಾಲು ಎತ್ತಿದ ಕಡೆಯೆಲ್ಲ ಸೀಮೆಸುಣ್ಣದ ಗೆರೆ ಎಳೆದೆ. ಬಾವಿಯ ಮೂಲೆಯಿಂದ ಟೇಪು ಹಿಡಿದೆ. ಇಪ್ಪತ್ತೆರಡು ಅಡಿ. ಫೀಲ್ಡ್ ಪುಸ್ತಕ ತೆರೆದೆ. ಎರಡನೆಯ ಗೆರೆ, ಮೂರನೆಯದು — ಒಂದು ಅಂಗುಲದ ವ್ಯತ್ಯಾಸವೂ ಇರಲಿಲ್ಲ. ನನ್ನ ಜೀವಮಾನದಲ್ಲಿ ಎರಡು ಅಳತೆಗಳು ಅಷ್ಟು ಸರಿಯಾಗಿ ಹೊಂದಿದ್ದು ಬೇರೆಲ್ಲೂ ಇಲ್ಲ. ಒಂಬತ್ತು ಗೆರೆ ಮುಗಿದವು. ಸಾಕು ಎಂದು ಟೇಪು ಬಿಡುತ್ತಿದ್ದೆ.

ಆಗ ಕುದುರೆ ಇನ್ನೊಮ್ಮೆ ಕಾಲು ಎತ್ತಿತು.

ಅಳೆದೆ. ಒಂಬತ್ತನೆಯದರಿಂದ ಮೂರೂವರೆ ಅಡಿ. ಪುಸ್ತಕದಲ್ಲಿ ನಾನು 'ಖಾಲಿ' ಎಂದು ಬರೆದಿದ್ದ ಜಾಗ.

"ಅದು ಹೊಸದು ಸ್ವಾಮಿ," ಎಂದ ಬಾಷಾ. "ಮೊದಲು ಅಲ್ಲಿ ದಾಟ್ತಿರಲಿಲ್ಲ. ಕರ್ಕಾಟಕ ಮಾಸದ ಮಳೆ ಹಿಡಿದ ಮೇಲೆ ಶುರುವಾಯ್ತು."

ಕಾಳಿ, ಆ ಗಳಿಗೆಯಲ್ಲಿ ನನಗೆ ಗೊತ್ತಾಯಿತು. ಎಲ್ಲಿ ಸತ್ತ, ಹೇಗೆ ಸತ್ತ, ಮೈ ಎಲ್ಲಿ ಬಿದ್ದಿದೆ — ಅದು ಗೊತ್ತಿಲ್ಲ, ಇಂದಿಗೂ ಗೊತ್ತಿಲ್ಲ. ಸತ್ತ ಎಂಬುದು ಗೊತ್ತಾಯಿತು. ತನ್ನ ಜಾಗಕ್ಕೆ ಬಂದಿದ್ದಾನೆ ಎಂಬುದು ಗೊತ್ತಾಯಿತು. ಲಾಯದ ಬಾಗಿಲಲ್ಲಿ ನಿಂತು ಪ್ರಮಾಣಪತ್ರಕ್ಕೆ ಸಹಿ ಹಾಕಿದೆ. ಹೊರಗೆ ಬಂದರೆ ಬೇಲಿಯಾಚೆ ನೀನು ಸೌದೆ ಹೊತ್ತು ಹೋಗುತ್ತಿದ್ದೆ. "ಅಪ್ಪನ ಸುದ್ದಿ ಏನಾದರೂ ಕಚೇರಿಗೆ ಬಂತಾ ಅಣ್ಣಾ?" ಎಂದು ನೀನು ಕೇಳಿದೆ. "ಇಲ್ಲ," ಎಂದೆ.

ಅದೇ 'ಇಲ್ಲ'. ಎರಡನೆಯ ಸಲ.

ನಿಮ್ಮಲ್ಲಿ ಸತ್ತ ಸುದ್ದಿಯನ್ನು ಯಾರಾದರೂ ಬಂದು ಬಾಯಿಬಿಟ್ಟು ಹೇಳಬೇಕು, ಆಮೇಲೆಯೇ ಕಲ್ಲು ನೆಡುವುದು, ಇದು ನನಗೆ ಗೊತ್ತಿತ್ತು. ಯಾರೂ ಹೇಳದ್ದರಿಂದ ನೀನು ಇಷ್ಟು ವರ್ಷ ಅವನ ಪಾಲಿನ ಅನ್ನ ಎಲೆಯಲ್ಲಿ ತೆಗೆದಿಡುತ್ತಾ ಬಂದೆ. ಕುದುರೆಗಳು ಹೋದವು, ಧಣಿ ಸತ್ತರು, ಲಾಯದ ಹಂಚು ಬಿತ್ತು, ನಾನು ನಿವೃತ್ತನಾದೆ. ಎಲೆ ನಿಲ್ಲಲಿಲ್ಲ.

ಮೊನ್ನೆ ಒಬ್ಬ ಮೀನಂಗಡಿ ಎಂಬ ಊರಿನಿಂದ ಕಾರಿನಲ್ಲಿ ಬಂದ. ಆ ನೆಲವನ್ನು ಹೊಸಬರು ಕೊಂಡಿದ್ದಾರೆ, ಪ್ರವಾಸಿಗರಿಗೆ ಕುದುರೆ ಸವಾರಿ, ಹಳೆಯ ತಳಪಾಯದ ಮೇಲೆಯೇ ಹೊಸ ಲಾಯ. ಅನುಮತಿಗೆ ತಕರಾರು ಬಾರದಿರಲೆಂದು ಹಳೆಯ ಪರಿಶೀಲಕರಿಂದ ಒಂದು ಪತ್ರ ಬೇಕಂತೆ. ಬೆರಳಚ್ಚು ಮಾಡಿಯೇ ತಂದಿದ್ದ. "ಒಂದು ಸಹಿ ಸಾಕು ಸಾರ್. ನೀವು ಅಂದು ಬರೆದದ್ದು ಸರಿ ಅಂತ ಅಷ್ಟೆ."

ಇಟ್ಟು ಹೋಗಲು ಹೇಳಿದೆ. ರಾತ್ರಿ ಅದರ ಹಿಂಬದಿಯಲ್ಲಿ, ನನ್ನ ಕೈಬರಹದಲ್ಲಿ, ಕಾರ್ಯದರ್ಶಿಗೆ ಬರೆದೆ: ಹನ್ನೊಂದನೆಯ ಕಾಲಂ ಸುಳ್ಳು, ಗೊತ್ತಿದ್ದೇ ಬರೆದದ್ದು, ಆ ನೆಲದಲ್ಲಿ ಸಮಾಧಿಗಳಿವೆ, ಅಳತೆಗಳು ಇಂತಿವೆ. ಆದರೆ ಸಹಿ ಹಾಕಲಿಲ್ಲ. ನೆರೆಯವರಿಗೆ ಓದಿ ಹೇಳದೆ ಸಹಿ ಹಾಕುವಂತಿಲ್ಲ.

ಈವರೆಗಿನದು ಇಂದು ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಬರೆದದ್ದು. ಇನ್ನು ಮುಂದಿನದು ಸಂಜೆ ಬರೆಯುತ್ತಿರುವುದು.

ಹತ್ತೂಕಾಲಿಗೆ ನಿನ್ನ ಗುಡಿಸಲಿಗೆ ಬಂದೆ. ಹಾಜರಿದ್ದವರು ನಾವಿಬ್ಬರೇ. ಆ ಕಾಗದವನ್ನೂ ಬೆಳಿಗ್ಗೆ ಬರೆದ ಇದನ್ನೂ ಓದಿದೆ, ನಿನ್ನ ಮಾತಿನಲ್ಲಿ, ತಡೆತಡೆದು. ಎಷ್ಟೋ ಪದ ಮರೆತಿದ್ದೆ, ನೀನೇ ತಿದ್ದಿದೆ. ಹತ್ತನೆಯ ಗೆರೆಯ ವಿಷಯ ಬಂದಾಗ ತಿದ್ದುವುದು ನಿಲ್ಲಿಸಿದೆ. ನಾನು ಮುಗಿಸಿದಾಗ ನೀನು ಒಲೆಯ ಸೌದೆಯನ್ನು ಒಳಗೆ ತಳ್ಳಿದೆ. ನೀನು ಬೈಯುತ್ತೀಯೆಂದು ನಾನು ಕಾದೆ. ಅಷ್ಟೂ ಸಿಗಲಿಲ್ಲ.

"ಸತ್ತ ಅಂತ ಹೇಳು. ಬಾಯಿಬಿಟ್ಟು."

"ಮಾರಜ್ಜ ಸತ್ತಿದ್ದಾನೆ ಕಾಳಿ."

ನೀನು ಎದ್ದು ಒಲೆಯ ಹಿಂದಿನಿಂದ ಹೊಗೆ ಹಿಡಿದು ಕಪ್ಪಾದ ಒಂದು ಉದ್ದನೆಯ ಕಲ್ಲು ಎಳೆದೆ. "ಅಂದೇ ಹೊಳೆಯಿಂದ ತಂದಿಟ್ಟಿದ್ದು. ಕಲ್ಲು ಇತ್ತು, ಹೇಳೋ ಬಾಯಿ ಇರಲಿಲ್ಲ." ಆಮೇಲೆ ಕೇಳಿದೆ, "ಜಾಗ ಎಲ್ಲಿ? ಎಲ್ಲ ಸಿಮೆಂಟು ಅಲ್ವಾ?"

ಟೇಪು ನನ್ನ ಚೀಲದಲ್ಲಿತ್ತು.

ಬಾವಿ ಹೂಳು ತುಂಬಿದೆ, ಮೂಲೆ ಇದೆ. ನಾನು ಟೇಪಿನ ತುದಿಯನ್ನು ಅಲ್ಲಿಟ್ಟು ಅದರ ಮೇಲೊಂದು ದಪ್ಪ ಕಲ್ಲು ಹೇರಿದೆ. ಸೂರು ಬಿದ್ದ ಲಾಯದ ಆ ದಾರಿಯಲ್ಲಿ ನೀನು ನಿನ್ನ ಕಲ್ಲನ್ನು ಹೊತ್ತು ಮುಂದೆ ನಡೆದೆ, ನಾನು ಟೇಪು ಬಿಡುತ್ತಾ ಹಿಂದೆ. ಇಪ್ಪತ್ತೆರಡು ಅಡಿಗೆ ನೀನು ಕಾಲು ಎತ್ತಿ ಹಾಕಿದೆ. ನಾನು ಹೇಳಿರಲಿಲ್ಲ, ನೀನು ಕೆಳಗೆ ನೋಡಿಯೂ ಇರಲಿಲ್ಲ. ಒಂಬತ್ತು ಸಲ. ಹತ್ತನೆಯ ಕಡೆ ನೀನಾಗಿಯೇ ನಿಂತು ಕೇಳಿದೆ, "ಇಲ್ಲೇ?" ನಾನು ಟೇಪು ನೋಡಿದೆ. ಅಲ್ಲೇ.

ನನ್ನ ಕಾಲು ಮಾತ್ರ ಎಲ್ಲಿಯೂ ಏಳಲಿಲ್ಲ. ಸೀದಾ ನಡೆದುಬಿಟ್ಟಿದ್ದೆ, ಅಂದಿನ ಹಾಗೆಯೇ.

ಸಿಮೆಂಟು ಅಲ್ಲಿ ಬಿರುಕು ಬಿಟ್ಟಿತ್ತು. ಹಾರೆ ತಂದು ಅಗಲ ಮಾಡಿಕೊಟ್ಟೆ. ಕಲ್ಲು ನೆಡುವಾಗ ನೀನು ನನಗೆ ದೂರ ನಿಲ್ಲಲು ಹೇಳಿದೆ, ನಿಂತೆ. ಆಮೇಲೆ ನೀನು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದೆ, ಅದರ ಕೆಳಗೆ ನಾನು ಸಹಿ ಮಾಡಿದೆ. ಮೂರೂವರೆಗೆ ಪಂಚಾಯಿತಿಯ ಕಿಟಕಿಯಲ್ಲಿ ಕೊಟ್ಟು ರಸೀದಿ ಪಡೆದೆ. ಮನೆಗೆ ಬಂದು ಫೀಲ್ಡ್ ಪುಸ್ತಕದ ಆ ಪುಟ ತೆಗೆದು 'ಖಾಲಿ' ಎಂಬ ಪದವನ್ನು ಹೊಡೆದು ಹಾಕಿದೆ. ಅದರ ಮೇಲೆ 'ಮಾರ' ಎಂದು ಬರೆದೆ. ಟೇಪಿನ ಮಣ್ಣು ಒರೆಸಿ, ಸುತ್ತಿ, ಪೆಟ್ಟಿಗೆಯಲ್ಲಿಟ್ಟೆ.